ಅಂಗಿ ಯಾರದು

ಸರ್ಕಾರಿ ಕಾಗದಗಳಲ್ಲಿ ಅವಳಿಗೊಂದು ಹೆಸರಿತ್ತು. ಆದರೆ ಆ ಹೆಸರು ಹಿಡಿದುಕೊಂಡು ಹುಡುಕಿ ಬಂದವರಿಗೆ ಬೀದಿಯಲ್ಲಿ ಯಾರೂ ದಾರಿ ತೋರಿಸುತ್ತಿರಲಿಲ್ಲ. ಗೆರೆಯಕ್ಕ ಎಂದು ಕೇಳಿದರೆ ಮಾತ್ರ ಹಾಲು ಹಾಕುವವನಿಂದ ಹಿಡಿದು ವಕೀಲರವರೆಗೆ ಎಲ್ಲರೂ, ಮೂರು ದಾರಿ ಕೂಡುವ ಮೂಲೆಯ ಹಳೇ ಕಟ್ಟಡದ ಕಡೆಗೆ ಕೈ ಮಾಡುತ್ತಿದ್ದರು.

ಆ ಕಟ್ಟಡದ ಮೆಟ್ಟಿಲ ಕೆಳಗೆ ಎಂಟಡಿ ಉದ್ದ, ಆರಡಿ ಅಗಲದ ಜಾಗ ಅವಳದು. ಮಧ್ಯೆ ಮೇಜು, ಮೇಜಿನ ಮೇಲೆ ನಾಲ್ಕು ಮಡಿಕೆ ಕಂಬಳಿ, ಅದರ ಮೇಲೆ ಅಲ್ಲಲ್ಲಿ ಕಂದು ಕಲೆ ಬಿದ್ದ ಬಿಳಿ ಬಟ್ಟೆ. ಇದ್ದಿಲು ತುಂಬುವ ಇಸ್ತ್ರಿ ಪೆಟ್ಟಿಗೆ ಏಳು ಕಿಲೋ ತೂಗುತ್ತಿತ್ತು. ದೊಡ್ಡ ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಕರೆಂಟಿನ ಪೆಟ್ಟಿಗೆಯೊಂದನ್ನು ತಂದುಕೊಟ್ಟಿದ್ದಳು. ಗೆರೆಯಕ್ಕ ಅದನ್ನು ನೈಲಾನ್ ಬಟ್ಟೆಗೆ ಮಾತ್ರ ಬಳಸುತ್ತಿದ್ದಳು. “ಅದಕ್ಕೆ ತೂಕವೇ ಇಲ್ಲ ಕಣೇ. ಬಟ್ಟೆ ಅದರ ಮಾತು ಕೇಳಲ್ಲ” ಎನ್ನುತ್ತಿದ್ದಳು.

ಅವಳು ಪ್ಯಾಂಟಿಗೆ ಗೆರೆ ಹಾಕಿದರೆ ಅದರ ಮೇಲೆ ಬಿಟ್ಟ ಇರುವೆ ಅಡ್ಡದಾರಿ ಹಿಡಿಯದೆ ಸೊಂಟದಿಂದ ಪಾದಕ್ಕೆ ಇಳಿಯುತ್ತದೆ ಎಂದು ಅವಳ ಗಂಡ ಹೇಳಿಕೊಂಡು ತಿರುಗುತ್ತಿದ್ದ. ಅವನು ಬೇಕರಿಯ ವ್ಯಾನ್ ಓಡಿಸುವವನು, ಬ್ರೆಡ್ಡಿನ ಜೊತೆಗೆ ಸುದ್ದಿಯನ್ನೂ ಮನೆಮನೆಗೆ ಹಂಚುವವನು. ಗೆರೆಯಕ್ಕನ ಮಾತು ಅದಕ್ಕೆ ತದ್ವಿರುದ್ಧ. ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ.

ಅವಳ ಕಸುಬಿನಲ್ಲಿ ಅವಳು ಒಂದೇ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದಳು. ಒಬ್ಬರ ಬಟ್ಟೆ ಇನ್ನೊಬ್ಬರ ಮನೆಗೆ ಹೋಗಬಾರದು. ಸುಕ್ಕು ಉಳಿದರೆ ಮತ್ತೆ ಒತ್ತಬಹುದು, ಗುಂಡಿ ಕಿತ್ತರೆ ಹೊಲಿಯಬಹುದು, ಬಟ್ಟೆ ಅದಲುಬದಲಾದರೆ ಮಾತ್ರ ನಂಬಿಕೆ ಹೋಯಿತು. ಅದಕ್ಕೇ ಕಾಲರಿನ ಒಳಗೆ ಮನೆಗೊಂದು ಬಣ್ಣದ ದಾರ ಕಟ್ಟುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆ ಮಾತ್ರ ವಕೀಲರ ಕೋಟು ಬೇಕರಿಯವರ ಮನೆ ಸೇರಿತ್ತು. ಎರಡೂ ಮನೆಯವರಿಗೆ ಗೊತ್ತಾಗುವ ಮೊದಲೇ ತಾನಾಗಿ ಹೋಗಿ, ತಪ್ಪಾಯಿತು ಎಂದು ಹೇಳಿ, ಬದಲಾಯಿಸಿ ಕೊಟ್ಟು ಬಂದಿದ್ದಳು.

ಅವಳ ಹಳೇ ಗಿರಾಕಿಗಳಲ್ಲಿ ಒಬ್ಬಳು ನರ್ಸಮ್ಮ. ಎರಡು ಬೀದಿ ಆಚೆ ಮೂರು ಅಂತಸ್ತಿನ ಕಟ್ಟಡದ ಮೇಲಿನ ಮನೆಯಲ್ಲಿ ವಯಸ್ಸಾದ ತಾಯಿ, ನಾಲ್ಕು ವರ್ಷದ ಮಗನ ಜೊತೆ ಇದ್ದಳು. ಗಂಡ ಎನ್ನುವವನು ಎಂದೋ ಬೇರೆ ಮನೆ ಮಾಡಿದ್ದ. ಹುಡುಗನಿಗೆ ಒಂದು ಹುಚ್ಚು. ಅಮ್ಮನ ಸಮವಸ್ತ್ರದ ಹಾಗೆ ತನ್ನ ಅಂಗಿಗೂ ಇಸ್ತ್ರಿ ಆಗಲೇಬೇಕು, ತೋಳಿನ ಮೇಲೆ ಗೆರೆ ಬರಲೇಬೇಕು. ಒಂದು ಗೇಣಿನ ತೋಳಿಗೆ ಗೆರೆ ಹಾಕುವುದೆಂದರೆ ಗೆರೆಯಕ್ಕನಿಗೂ ಒಂಥರಾ ಆಟ.

ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಅವಳು ಆ ಮನೆಯ ಬಟ್ಟೆ ಕೊಡಲು ಹೊರಟಳು. ಎಡಗೈ ಮೇಲೆ ಏಳು ಬಟ್ಟೆ. ಮೂರು ಸಮವಸ್ತ್ರ, ಎರಡು ದಿಂಬಿನ ಚೀಲ, ಅಜ್ಜಿಯದೊಂದು ಸೀರೆ, ಎಲ್ಲದರ ಮೇಲೆ ಹುಡುಗನ ನೀಲಿ ಅಂಗಿ. ಬೀದಿಯ ತಿರುವು ದಾಟುವಾಗ, ಲಾರಿಯಿಂದ ಒಟ್ಟಿಗೇ ನೂರು ಮೂಟೆ ಕೆಡವಿದಂಥ ಸದ್ದಾಯಿತು. ಆಮೇಲೆ ದೂಳು. ದೂಳು ತಗ್ಗಿದಾಗ, ಮೂರು ಅಂತಸ್ತು ಇದ್ದ ಕಡೆ ಒಬ್ಬ ಮನುಷ್ಯನ ಎತ್ತರದ ರಾಶಿ ಇತ್ತು.

ಗೆರೆಯಕ್ಕ ನಿಂತಲ್ಲೇ ನಿಂತಳು. ಓಡಬೇಕು ಅನ್ನಿಸಿತು, ಕಾಲು ಏಳಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ, ಆ ಹೊತ್ತಿನಲ್ಲಿ ಯಾವುದೋ ಪತ್ರಿಕೆಯವನು ಅವಳ ಫೋಟೋ ತೆಗೆದುಕೊಂಡು ಹೋಗಿದ್ದ. ಅದು ಅವಳಿಗೆ ಗೊತ್ತೇ ಆಗಲಿಲ್ಲ.

ನರ್ಸಮ್ಮ ಆಗ ಡ್ಯೂಟಿಯಲ್ಲಿದ್ದಳು. ತಾಯಿ, ಮಗ ಇಬ್ಬರೂ ಮನೆಯಲ್ಲಿದ್ದರು. ಮೂರನೇ ದಿನ ಗೆರೆಯಕ್ಕ ಆ ಏಳು ಬಟ್ಟೆಯನ್ನು ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು, ನರ್ಸಮ್ಮ ಇಳಿದುಕೊಂಡಿದ್ದ ಅವಳ ತಂಗಿಯ ಮನೆಗೆ ಹೋಗಿ ಕೊಟ್ಟಳು. ಆ ಮನೆಯದು ಅಂತ ಉಳಿದದ್ದು ಅಷ್ಟೇ. ಆಮೇಲೆ ನರ್ಸಮ್ಮ ಊರಿನ ಇನ್ನೊಂದು ತುದಿಯ ಆಸ್ಪತ್ರೆ ಕ್ವಾರ್ಟರ್ಸಿಗೆ ಹೋದಳು. ಗೆರೆಯಕ್ಕ ಪ್ರತಿ ಶನಿವಾರ ಬಸ್ಸು ಹತ್ತಿ ಹೋಗಿ ಅವಳ ಸಮವಸ್ತ್ರ ತರುತ್ತಿದ್ದಳು, ಮುಂದಿನ ಶನಿವಾರ ಕೊಡುತ್ತಿದ್ದಳು. ಕುಡಿಯಲು ಚಹಾ ಬರುತ್ತಿತ್ತು, ಬಸ್ಸಿನ ವಿಷಯ, ಬಿಸಿಲಿನ ವಿಷಯ ಬರುತ್ತಿತ್ತು. ಆ ದಿನದ ವಿಷಯ ಮೂರು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ.

ಹೀಗಿರುವಾಗ ಒಂದು ದಿನ ಲೈಬ್ರರಿ ಮೇಷ್ಟ್ರು ಬಂದರು. ನಿವೃತ್ತರಾದ ಮೇಲೆ ಊರಿನ ಲೈಬ್ರರಿ ನೋಡಿಕೊಳ್ಳುತ್ತಿದ್ದವರು, ಪುಸ್ತಕ ಅಂದರೆ ಊಟ ಬಿಡುವವರು. ಅಂದು ಅವರ ಕೈಯಲ್ಲಿ ಬಟ್ಟೆಯ ಚೀಲ ಇರಲಿಲ್ಲ, ತೆಳ್ಳನೆಯ ಒಂದು ಪುಸ್ತಕವಿತ್ತು. ಮುಖಪುಟದಲ್ಲಿ ಒಂದು ಫೋಟೋ.

“ಗೆರೆಯಕ್ಕ, ಇದು ಯಾರು ಹೇಳು ನೋಡೋಣ” ಎಂದರು.

ಅವಳು ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ನೋಡಿದಳು. “ನಾನೇ. ನನ್ನ ಕೂದಲಿಗೆ ಎಷ್ಟು ದೂಳು.”

“ದೊಡ್ಡ ಕವಿ ಕಣಮ್ಮ ಬರೆದಿರೋದು. ರೈಲಲ್ಲಿ ಎರಡು ದಿನದ ದಾರಿ, ಅಷ್ಟು ದೂರ ಕೂತು ನಿನ್ನ ಮೇಲೆ ಪದ್ಯ ಬರೆದಿದ್ದಾರೆ. ಎಲ್ಲೆಲ್ಲೋ ಓದ್ತಾರೆ. ನಮ್ಮೂರಿನದು ಅಂತ ನನಗೇ ಮೊನ್ನೆ ಗೊತ್ತಾಗಿದ್ದು.” ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ಮೂವತ್ತು ಸಾಲಿನ ಪದ್ಯ. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಮಗುವಿನ ಅಂಗಿಗೆ ಇಸ್ತ್ರಿ ಮಾಡಿಕೊಂಡು, ಬಿದ್ದ ಮನೆಯ ಮುಂದೆ ನಿಂತಿದ್ದಾಳೆ.

ಗೆರೆಯಕ್ಕನಿಗೆ ಮೊದಲು ನಗು ಬಂತು. “ಮೇಷ್ಟ್ರೇ, ನಾನು ಹೆತ್ತಿದ್ದು ಎರಡೂ ಹೆಣ್ಣು. ಇಬ್ಬರೂ ಬೆಳಿಗ್ಗೆ ಜಗಳ ಆಡಿಕೊಂಡು ತಿಂಡಿ ತಿಂದು ಹೋಗಿದ್ದಾರೆ.”

“ತಡಿ, ಪೂರ್ತಿ ಕೇಳು” ಎಂದು ಮೇಷ್ಟ್ರು ಮುಂದುವರಿಸಿದರು.

*ಕೈಯ ಮೇಲಿದೆ ಅಂಗಿ, ಕೊರಳಪಟ್ಟಿ ಇನ್ನೂ ಬೆಚ್ಚಗೆ;*
*ತೊಡುವ ಕೊರಳೆಲ್ಲಿ ಎಂದು ಕೇಳುವುದಿಲ್ಲ ತಾಯಿ.*

ಅವಳ ನಗು ನಿಂತಿತು. ಅಂಗಿ ಬೆಚ್ಚಗಿತ್ತು. ನಿಜ. ಸಮವಸ್ತ್ರ ಎಲ್ಲ ಮುಗಿಸಿ ಕೊನೆಗೆ ಒತ್ತಿದ್ದು ಅದನ್ನೇ. ಸುತ್ತಲೂ ಜನ ಓಡುತ್ತಿದ್ದಾಗ ಅವಳ ಮೊಣಕೈ ಒಳಗೆ ಆ ಒಂದು ಬಿಸಿ ಇತ್ತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಎರಡು ದಿನದ ದಾರಿಯ ಆಚೆ ಕೂತವನಿಗೆ ಅದು ಹೇಗೆ ಗೊತ್ತಾಯಿತು?

ಮೇಷ್ಟ್ರು ಕೊನೆಯ ಭಾಗಕ್ಕೆ ಬಂದಿದ್ದರು. *ಬಾಯಿ ಬಿಡಲಿಲ್ಲ ಅವಳು. ಮುಗಿಲೇ ಕುಸಿದ ಮೇಲೆ ಯಾರ ಮೇಲೆ ದೂರು?* ಓದಿ ಮುಗಿಸಿ ಕಣ್ಣೊರೆಸಿಕೊಂಡರು. ಬರುವ ತಿಂಗಳ ಮೊದಲ ಭಾನುವಾರ ಕವಿ ಊರಿಗೇ ಬರುತ್ತಾರೆಂದೂ, ಲೈಬ್ರರಿ ಹಾಲಿನಲ್ಲಿ ಪದ್ಯ ಓದುತ್ತಾರೆಂದೂ, ಆಗ ಗೆರೆಯಕ್ಕ ವೇದಿಕೆಯ ಮೇಲೆ ಅವರ ಪಕ್ಕ ಕೂರಬೇಕೆಂದೂ ಹೇಳಿದರು.

“ಏನಂತ ಕೂರಲಿ?”

“ಆ ತಾಯಿ ಅಂತ.”

“ಆ ತಾಯಿ ನಾನಲ್ವಲ್ಲ.”

“ಕಾವ್ಯದಲ್ಲಿ ಹಾಗೆಲ್ಲ ನೋಡಬಾರದಮ್ಮ. ಅದು ಒಂದು ತಾಯಿ ಅಲ್ಲ, ಎಲ್ಲಾ ತಾಯಂದಿರೂ.”

ಗೆರೆಯಕ್ಕ ಪೆಟ್ಟಿಗೆಯ ಬಾಗಿಲು ತೆರೆದು ಕೆಂಡ ಕೆದಕಿದಳು. “ಮೇಷ್ಟ್ರೇ, ಎಲ್ಲಾ ಅಂಗಿನೂ ಅಂಗಿನೇ ಅಂತ ನಿಮ್ಮ ಅಂಗಿ ತಗೊಂಡು ಹೋಗಿ ವಕೀಲರಿಗೆ ಕೊಟ್ರೆ ಸುಮ್ಮನಿರ್ತೀರಾ? ಪುಸ್ತಕ ಇಲ್ಲೇ ಇಟ್ಟು ಹೋಗಿ. ಕೇಳಬೇಕಾದವರನ್ನ ಕೇಳ್ತೀನಿ.”

ಅಂದು ಊಟಕ್ಕೆ ಕೂತಾಗ ಮನೆಯಲ್ಲಿ ಎರಡು ಪಕ್ಷವಾಯಿತು. ಗಂಡನಿಗೆ ವೇದಿಕೆಯ ಆಸೆ. “ಕುರ್ಚಿ ಹಾಕ್ತಾರೆ, ಮೈಕ್ ಇರುತ್ತೆ, ಇಂಥ ಯೋಗ ಯಾರಿಗೆ ಬರುತ್ತೆ? ಸುಮ್ಮನೆ ಕೂತು ಎದ್ದು ಬಂದರಾಯ್ತು. ನೀನೇನು ಸುಳ್ಳು ಹೇಳ್ಬೇಕಾಗಿಲ್ಲವಲ್ಲ.”

“ಅಪ್ಪ, ಸುಮ್ಮನೆ ಕೂರೋದೇ ಸುಳ್ಳು” ಎಂದಳು ದೊಡ್ಡ ಮಗಳು. “ಜೊತೆಗೆ ನಮ್ಮಿಬ್ಬರನ್ನ ಬದುಕಿರುವಾಗಲೇ ಸಾಯಿಸಿದ ಹಾಗಾಯ್ತು.”

ಗಂಡ ಒಂದು ತುತ್ತು ನುಂಗಿ, “ಅದೂ ಸರಿನೇ” ಎಂದು ಪಕ್ಷ ಬದಲಾಯಿಸಿದ. ಅವನು ಯಾವತ್ತೂ ಹಾಗೇ, ತೂಕ ಇದ್ದ ಕಡೆ ವಾಲುವವನು.

ಗೆರೆಯಕ್ಕ ಶನಿವಾರದವರೆಗೆ ಕಾಯಲಿಲ್ಲ. ಮರುದಿನವೇ ಮಧ್ಯಾಹ್ನ ಬಸ್ಸು ಹತ್ತಿದಳು. ಕ್ವಾರ್ಟರ್ಸಿನಲ್ಲಿ ನರ್ಸಮ್ಮ ಡ್ಯೂಟಿ ಮುಗಿಸಿ ಬಂದು ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಿದ್ದಳು. ಒಂದೇ ಕೋಣೆ, ಒಂದು ಮಂಚ, ಕಿಟಕಿಯಲ್ಲಿ ಒಣಗಲು ಹಾಕಿದ ಕಾಲುಚೀಲ. ಗೆರೆಯಕ್ಕ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಬಂದ ಮೇಲೆ ಒಂದೂ ನೆನಪಾಗಲಿಲ್ಲ. ಪುಸ್ತಕ ತೆಗೆದು ಮಂಚದ ಮೇಲಿಟ್ಟಳು.

ನರ್ಸಮ್ಮ ಮುಖಪುಟ ನೋಡಿದಳು. ತೆರೆಯಲಿಲ್ಲ. “ಗೊತ್ತು” ಎಂದಳು. “ಒಂದು ವರ್ಷದಿಂದ ಗೊತ್ತು. ನಮ್ಮ ವಾರ್ಡಿನ ನೋಟಿಸ್ ಬೋರ್ಡಿನಲ್ಲಿ ಯಾರೋ ಅಂಟಿಸಿದ್ದಾರೆ. ಅದರ ಮುಂದೇನೇ ದಿನಾ ಡ್ಯೂಟಿಗೆ ಹೋಗೋದು.”

“ನನಗೆ ಹೇಳಲಿಲ್ಲ.”

“ಏನು ಹೇಳಲಿ ಅಕ್ಕ? ನನ್ನ ಮಗನ್ನ ನಿಮಗೆ ಕೊಟ್ಟಿದ್ದಾರೆ ಅಂತ ಹೇಳಲಾ?”

ಗೆರೆಯಕ್ಕ ಕೇಳಲು ಬಂದದ್ದನ್ನು ಕೇಳಿದಳು. “ಕೋಪ ಬಂತಾ?”

ನರ್ಸಮ್ಮ ನೀರಿನಲ್ಲಿ ಕಾಲು ಆಡಿಸಿದಳು. “ಮೊದಲು ಕಿತ್ತು ಹಾಕೋಣ ಅನ್ನಿಸ್ತು. ಆಮೇಲೆ ಒಳ್ಳೇದೇ ಆಯ್ತು, ನನ್ನನ್ನ ಯಾರೂ ಗುರುತು ಹಿಡಿಯಲ್ಲ ಅನ್ನಿಸ್ತು. ಆ ಬೆಚ್ಚಗಿನ ಕಾಲರ್ ಸಾಲು ಇದೆಯಲ್ಲ, ಅದು ನನಗೆ ಬಾಯಿಪಾಠ. ನೀವು ತಂದುಕೊಟ್ಟ ಅಂಗಿ ಹಿಡ್ಕೊಂಡಾಗ ತಣ್ಣಗಿತ್ತು. ಒಂದು ಸಲ ಬೆಚ್ಚಗಿತ್ತು ಅಂತ ಆ ಪದ್ಯದಿಂದ ನನಗೆ ಗೊತ್ತಾಯ್ತು. ಅದಕ್ಕೆ ನನ್ನ ತಕರಾರಿಲ್ಲ.”

“ಮತ್ತೆ?”

“ಬಾಯಿ ಬಿಡಲಿಲ್ಲ ಅವಳು ಅಂತ ಬರೆದಿದ್ದಾರೆ.” ನರ್ಸಮ್ಮನ ದನಿ ಗಟ್ಟಿಯಾಯಿತು. “ನಾನು ಮೂರು ದಿನ ಕಿರುಚಿದೆ ಅಕ್ಕ. ನನ್ನ ತಂಗಿ ಮನೆ ಪಕ್ಕದವರು ಕಿಟಕಿ ಹಾಕ್ಕೊಂಡ್ರು. ಮುನ್ಸಿಪಾಲ್ಟಿ ಆಫೀಸಿನ ಮುಂದೆ ಹೋಗಿ ಕಿರುಚಿದೆ. ನನ್ನ ಬಾಯಿ ಮುಚ್ಚಿಸೋಕೆ ಅವರಿಗೆ ಆಗಲಿಲ್ಲ. ಇವರು ಒಂದು ಸಾಲಿನಲ್ಲಿ ಮುಚ್ಚಿಸಿದ್ರು. ಮೌನವಾಗಿದ್ರೆ ಚೆಂದ ಕಾಣುತ್ತೆ ಅಂತ ಇರಬೇಕು, ದೂರದಿಂದ.”

ಅವಳು ಕಾಲನ್ನು ನೀರಿನಿಂದ ತೆಗೆದು ಒರೆಸಿಕೊಂಡಳು.

“ಇನ್ನೊಂದು. ಮುಗಿಲು ಕುಸಿದಿದ್ದಲ್ಲ. ಚಾವಣಿ ಕುಸಿದದ್ದು. ಕೆಳಗಿನ ಅಂಗಡಿಯವನು ಜಾಗ ದೊಡ್ಡದು ಮಾಡೋಕೆ ಎರಡು ಕಂಬ ತೆಗೆಸಿದ. ನಾವು ಮೂರು ಅರ್ಜಿ ಕೊಟ್ವಿ, ಮೊದಲ ಅರ್ಜಿಯಲ್ಲಿ ಮೊದಲ ಸಹಿ ನಂದು. ಆಮೇಲೆ ಪೇಪರಿನವರು ಹಳೇ ಕಟ್ಟಡ ಅಂತ ಬರೆದ್ರು, ಇವರು ಮುಗಿಲು ಅಂತ ಬರೆದ್ರು. ಯಾರ ಮೇಲೆ ದೂರು ಅಂತ ಕೇಳ್ತಾರೆ. ನನ್ನನ್ನ ಕೇಳಿದ್ರೆ ಹೆಸರು, ವಿಳಾಸ, ಎಲ್ಲಾ ಕೊಡ್ತಿದ್ದೆ.”

ಕವಿ ಬರುವ ಸುದ್ದಿಯನ್ನು ಗೆರೆಯಕ್ಕ ಹೇಳಿದಳು. ವೇದಿಕೆಗೆ ಬರುತ್ತೀಯಾ ಎಂದು ಕೇಳಿದಳು.

“ಬರಲ್ಲ. ನನ್ನ ಹೆಸರೂ ಬೇಡ. ಅವನ ಹೆಸರೂ ಬೇಡ.” ಅವನ ಎಂದರೆ ಮಗನ ಎಂದು ಇಬ್ಬರಿಗೂ ಗೊತ್ತಿತ್ತು. “ಎರಡು ಮಾತು ಹೇಳಿ ಸಾಕು. ಅವನ ತಾಯಿ ಕಿರುಚಿದಳು. ಕಂಬ ತೆಗೆದಿದ್ರು.”

ಮೊದಲ ಭಾನುವಾರ ಬಂತು. ಕಾರ್ಯಕ್ರಮ ನಾಲ್ಕು ಗಂಟೆಗೆ. ಹತ್ತು ಗಂಟೆಗೆ ಮೇಷ್ಟ್ರು ಒಂದು ಬಿಳಿ ಅಂಗಿ ಹಿಡಿದುಕೊಂಡು ಓಡಿ ಬಂದರು. ಕವಿಗಳದು, ರೈಲಿನಲ್ಲಿ ಪೂರ್ತಿ ಮುದ್ದೆಯಾಗಿದೆ, ಒಂದು ಗಂಟೆಯೊಳಗೆ ಆಗಬೇಕು ಎಂದರು.

“ಆಗುತ್ತೆ. ತೊಡೋರೇ ಬಂದು ತಗೊಂಡು ಹೋಗಲಿ.”

“ಗೆರೆಯಕ್ಕ, ಅವರು ದೊಡ್ಡವರು.”

“ದೊಡ್ಡವರಾದ್ರೆ ಮೆಟ್ಟಿಲ ಕೆಳಗೆ ಸ್ವಲ್ಪ ಬಗ್ಗಿ ಬರಬೇಕಾಗುತ್ತೆ, ಅಷ್ಟೇ. ಬರಲಿ.”

ಹನ್ನೊಂದಕ್ಕೆ ಕವಿ ಬಂದರು. ಅರವತ್ತೈದು ದಾಟಿದ ಸಣಕಲು ಮನುಷ್ಯ, ದಪ್ಪ ಕನ್ನಡಕ. ನಿಜವಾಗಿಯೂ ಬಗ್ಗಿಯೇ ಒಳಗೆ ಬಂದರು. ತಲೆಯೆತ್ತಿ ಅವಳನ್ನು ನೋಡಿದ್ದೇ ತಡ, ಗೋಡೆಗೆ ಕೈ ಆನಿಸಿಕೊಂಡರು. ಮೂರು ವರ್ಷದಿಂದ ಆ ಫೋಟೋ ಅವರ ಬರೆಯುವ ಮೇಜಿನ ಮೇಲಿತ್ತು. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

“ಅಮ್ಮಾ, ನಿಮ್ಮ ಮುಂದೆ ನಿಂತು ಏನು ಹೇಳಬೇಕೋ ನನಗೆ...”

“ಮೊದಲು ಕೂತ್ಕೊಳ್ಳಿ ಸಾರ್. ಆ ಸ್ಟೂಲ್ ಅಲುಗಾಡುತ್ತೆ, ಗೋಡೆ ಕಡೆ ಎಳ್ಕೊಳ್ಳಿ. ನಾನು ಹೇಳೋದು ಮುಗಿದ ಮೇಲೆ ನೀವು ಹೇಳಿ.”

ಕವಿ ಕೂತರು. ಗೆರೆಯಕ್ಕ ಅವರ ಅಂಗಿಯ ಬೆನ್ನಿನ ಮೇಲೆ ನೀರು ಚಿಮುಕಿಸಿ, ಪೆಟ್ಟಿಗೆ ಎಳೆಯುತ್ತಾ ಹೇಳಿದಳು. ತನಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಇನ್ನೇನು ಊಟದ ಡಬ್ಬಿ ತರುತ್ತಾಳೆ, ಬೇಕಾದರೆ ನೋಡಿ. ಕೈ ಮೇಲಿದ್ದ ಅಂಗಿ ಗಿರಾಕಿಯದು. ಮಗು ಆ ಗಿರಾಕಿಯದು. ಅವಳು ಇದೇ ಊರಿನಲ್ಲಿದ್ದಾಳೆ, ಇವತ್ತು ಬೆಳಿಗ್ಗೆ ಡ್ಯೂಟಿಗೆ ಹೋಗಿದ್ದಾಳೆ, ಹೋಗುವಾಗ ನಿಮ್ಮ ಪದ್ಯದ ಮುಂದೆ ಹಾದು ಹೋಗಿದ್ದಾಳೆ. ಆಮೇಲೆ ಕಿರುಚಿದ್ದು, ಎರಡು ಕಂಬ, ಮೂರು ಅರ್ಜಿ, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ದನಿ ಏರಿಸಲಿಲ್ಲ.

“ನನಗೆ ಪತ್ರ ಬರೀತಾರೆ” ಎಂದರು ಕವಿ. “ಮಕ್ಕಳನ್ನ ಕಳಕೊಂಡವರು. ಎಲ್ಲೆಲ್ಲಿಂದಲೋ. ಆ ಪದ್ಯ ಓದಿದ ಮೇಲೆ ಅಳೋಕೆ ಸಾಧ್ಯ ಆಯ್ತು ಅಂತ. ಅದು ಸುಳ್ಳಲ್ಲ ಅಮ್ಮಾ.”

“ಸುಳ್ಳು ಅಂತ ನಾನೂ ಅನ್ನಲಿಲ್ಲ.”

“ಬೇಕಂತ ಮಾಡಿದ್ದೂ ಅಲ್ಲ.”

“ಬೇಕಂತ ಯಾರೂ ಬಟ್ಟೆ ಅದಲುಬದಲು ಮಾಡಲ್ಲ ಸಾರ್. ಆದರೆ ಮಾಡಿದವರೇ ವಾಪಸ್ ಹೋಗಿ ಕೊಡಬೇಕಲ್ವಾ. ನನಗೆ ಒಂದೇ ಪ್ರಶ್ನೆ. ಫೋಟೋ ಕೆಳಗೆ ಪೇಪರಿನ ಹೆಸರಿತ್ತು, ಊರಿನ ಹೆಸರಿತ್ತು. ಇವಳು ಯಾರು ಅಂತ ಯಾಕೆ ಕೇಳಲಿಲ್ಲ?”

ಕವಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಇನ್ನೊಬ್ಬರಾಗಿದ್ದರೆ ಇಲ್ಲಿ ದೊಡ್ಡ ಮಾತು ಹುಡುಕುತ್ತಿದ್ದರು. ಅವರು ಹುಡುಕಲಿಲ್ಲ. “ಕೇಳಿದ್ರೆ ಪದ್ಯ ಓಡಿಹೋಗುತ್ತೆ ಅಂತ ಭಯ ಆಯ್ತು” ಎಂದರು. “ಒಂದೇ ಉಸಿರಲ್ಲಿ ಬಂದಿತ್ತು. ನೀವು ಯಾರೋ ಬೇರೆ ಅಂತ ಗೊತ್ತಾಗಿಬಿಟ್ರೆ ಅನ್ನೋ ಭಯ. ಕೇಳದೆ ಇರೋದು ಆ ಭಯಕ್ಕೇ ಅಂತ ನನಗೆ ಆಗಲೇ ಗೊತ್ತಿತ್ತು.”

“ಓಡಿಹೋಗೋ ಪದ್ಯ ಆದ್ರೆ ಹೋಗಲಿ ಬಿಡಿ. ನಿಲ್ಲೋದು ಬರುತ್ತೆ.” ಅವಳು ಅಂಗಿ ತಿರುಗಿಸಿ ಕಾಲರ್ ಬಿಡಿಸಿದಳು. “ಇನ್ನೊಂದು ಕೇಳ್ತೀನಿ. ಅಂಗಿ ಬೆಚ್ಚಗಿತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು? ಅದು ನನಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.”

“ನಮ್ಮಮ್ಮ” ಎಂದರು ಕವಿ. “ನಾವು ಏಳು ಜನ ಮಕ್ಕಳು. ಚಳಿಗಾಲದಲ್ಲಿ ಶಾಲೆಗೆ ಹೊರಡುವಾಗ ಒಬ್ಬೊಬ್ಬರದೇ ಅಂಗಿ ಇಸ್ತ್ರಿ ಮಾಡಿ ಮೈಗೆ ಹಾಕ್ತಿದ್ರು. ಕತ್ತಿನ ಹತ್ತಿರ ಬಿಸಿ ಇರ್ತಿತ್ತು. ಬಸ್ ಸ್ಟಾಪ್‌ವರೆಗೂ ಇರ್ತಿತ್ತು.”

ಗೆರೆಯಕ್ಕನ ಕೈ ನಿಂತಿತು. “ನೋಡಿ, ಅದು ನಿಮ್ಮದು. ಅದಕ್ಕೇ ಸರಿಯಾಗಿ ಕೂತಿದೆ. ಆ ಸಾಲನ್ನ ಆ ತಾಯಿ ಬಾಯಿಪಾಠ ಮಾಡಿಕೊಂಡಿದ್ದಾಳೆ. ಉಳಿದಿದ್ದು ನಮ್ಮದು ಸಾರ್. ನಮ್ಮದನ್ನ ನಮ್ಮನ್ನ ಕೇಳಿ ತಗೋಬೇಕಿತ್ತು.”

ಅಂಗಿ ಆಯಿತು. ಕವಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದ್ದರು. ಏನು ಮಾಡಲಿ ಎಂದು ಕೇಳಲಿಲ್ಲ. ಗೆರೆಯಕ್ಕನಿಗೆ ಅದು ಹಿಡಿಸಿತು. ತಮ್ಮ ತಪ್ಪಿಗೆ ದಾರಿ ತೋರಿಸು ಎಂದು ಆ ತಪ್ಪಿನಿಂದ ನೊಂದವರನ್ನೇ ಕೇಳುವವರನ್ನು ಅವಳು ಬಹಳ ನೋಡಿದ್ದಳು.

ನಾಲ್ಕು ಗಂಟೆಗೆ ಲೈಬ್ರರಿಯ ಹಾಲ್‌ನಲ್ಲಿ ಹಾಕಿದ್ದ ಅರವತ್ತು ಕುರ್ಚಿ ಸಾಲದೆ ಬೇಕರಿಯಿಂದ ಬೆಂಚು ತಂದರು. ತಂದದ್ದು ಗೆರೆಯಕ್ಕನ ಗಂಡನ ವ್ಯಾನಿನಲ್ಲಿ. ಹಾಗಾಗಿ ಅವನಿಗೂ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಗೆರೆಯಕ್ಕ ವೇದಿಕೆ ಹತ್ತದೆ ಮಗಳ ಪಕ್ಕ ಕೂತಳು. ಕವಿ ಎದ್ದು ನಿಂತರು.

“ನಾನು ಇವತ್ತು ಆ ಪದ್ಯ ಓದಲ್ಲ” ಎಂದರು. ಸಭೆಯಲ್ಲಿ ಗುಸುಗುಸು. “ಫೋಟೋದಲ್ಲಿರೋ ಹೆಂಗಸು ಆ ಮಗುವಿನ ತಾಯಿ ಅಲ್ಲ. ತಾಯಿ ಬೇರೆ ಇದ್ದಾರೆ, ಅವರ ಹೆಸರು ಹೇಳಬಾರದು ಅಂತ ಅವರ ಇಷ್ಟ. ಎರಡು ದಿನದ ದೂರದಲ್ಲಿ ಕೂತು ನಾನು ಅವರಿಗೆ ಮೌನ ಕೊಟ್ಟೆ. ಅವರು ಮೌನವಾಗಿರಲಿಲ್ಲ. ಮುಗಿಲು ಕುಸಿಯಿತು ಅಂತ ಬರೆದೆ. ಕುಸಿದಿದ್ದು ಮುಗಿಲಲ್ಲ. ಏನಾಯ್ತು ಅಂತ ಕಂಡವರು ಹೇಳ್ತಾರೆ” ಎಂದು ಗೆರೆಯಕ್ಕನ ಕಡೆ ನೋಡಿದರು.

ಇದು ಅವಳು ಎಣಿಸದೆ ಇದ್ದದ್ದು. ಒಂದು ಕ್ಷಣ ಮಗಳ ಮೊಣಕೈ ಹಿಡಿದಳು. ಆಮೇಲೆ ಎದ್ದು, ಮೈಕಿನ ಹತ್ತಿರ ಹೋಗದೆ, ನಿಂತಲ್ಲಿಂದಲೇ ಮಾತಾಡಿದಳು. ಗಿರಾಕಿಯನ್ನು ಬೀದಿಯ ಆಚೆಯಿಂದ ಕೂಗಿ ಕರೆಯುವ ದನಿ ಅದು, ಮೈಕ್ ಬೇಕಿರಲಿಲ್ಲ. ಐದು ನಿಮಿಷ. ಹತ್ತೂವರೆ ಗಂಟೆ, ಏಳು ಬಟ್ಟೆ, ದೂಳು. ಎರಡು ಕಂಬ, ಮೂರು ಅರ್ಜಿ. ಆಫೀಸಿನ ಮುಂದೆ ಕಿರುಚಿದ ತಾಯಿ.

ಹಿಂದಿನಿಂದ ಇಸ್ತ್ರಿ ಮಾಡಿದ ಕೋಟಿನ ಒಬ್ಬರು ಎದ್ದರು. “ಹಳೇದನ್ನೆಲ್ಲ ಈಗ ಯಾಕೆ ಕೆದಕಬೇಕು? ನಾವು ಬಂದಿರೋದು ಪದ್ಯ ಕೇಳೋಕೆ.”

“ಆ ಹಳೇದನ್ನೇ ಕೆದಕಿದ ಪದ್ಯ ಕೇಳೋಕೇ ತಾನೇ ಬಂದಿರೋದು” ಎಂದಳು ಗೆರೆಯಕ್ಕ. “ಅಳು ಕೇಳೋಕೆ ಕುರ್ಚಿ ಬೇಕು, ಕಾರಣ ಕೇಳೋಕೆ ಬೇಡ ಅಂದ್ರೆ ಹೇಗೆ?”

ಯಾರೋ ನಕ್ಕರು, ಆಮೇಲೆ ಬಹಳ ಜನ ಚಪ್ಪಾಳೆ ತಟ್ಟಿದರು. ಕೋಟಿನವರು ಕೂತರು. ಬಾಗಿಲ ಬಳಿ ಕಂಬಕ್ಕೆ ಒರಗಿ ಒಬ್ಬ ಹೆಂಗಸು ಸಮವಸ್ತ್ರದಲ್ಲೇ ನಿಂತಿದ್ದಳು. ಗೆರೆಯಕ್ಕ ಆಗಷ್ಟೇ ಅವಳನ್ನು ಕಂಡದ್ದು.

ಸಭೆ ಚದುರಿದ ಮೇಲೆ ನರ್ಸಮ್ಮ ತಾನಾಗಿಯೇ ಕವಿಯ ಹತ್ತಿರ ಹೋದಳು. ಅವರು ಏನೋ ಹೇಳಲು ಹೊರಟರು, ಅವಳು ತಡೆದಳು. “ಪದ್ಯ ಎಸೀಬೇಡಿ. ಬಿಡಿ ಹಾಳೆಯಲ್ಲಿ ಬರೆದು ನನಗೆ ಕಳಿಸಿ. ನನ್ನ ಹತ್ತಿರ ಪೆನ್ಸಿಲ್ ಇದೆ.”

ಪದ್ಯ ನಾಲ್ಕು ಸಲ ಅಂಚೆಯಲ್ಲಿ ಹೋಗಿ ಬಂತು. ನರ್ಸಮ್ಮ ರೋಗಿಯ ಚಾರ್ಟ್ ನೋಡುವ ಹಾಗೆ ನೋಡುತ್ತಿದ್ದಳು. ಮೂವತ್ತು ಸಾಲು ಹತ್ತೊಂಬತ್ತಾಯಿತು. ಮುಗಿಲು ಹೋಗಿ ಎರಡು ಕಂಬ ಬಂತು. ಬಟ್ಟೆ ಹಿಡಿದು ನಿಂತವಳು ಬೇರೆಯಾದಳು, ಕಿರುಚುವವಳು ಬೇರೆಯಾದಳು. ಕಾಲರಿನ ಸಾಲು ಮಾತ್ರ ಇದ್ದ ಹಾಗೇ ಉಳಿಯಿತು. ಪುಸ್ತಕ ಮತ್ತೆ ಅಚ್ಚಾದಾಗ ಅದೇ ಬಂತು. ಹಳೆಯದು ಹೇಗೆ ತಪ್ಪಾಗಿತ್ತು ಎಂದು ಕವಿ ಮೊದಲ ಪುಟದಲ್ಲೇ ಬರೆದಿದ್ದರು.

ಮೇಷ್ಟ್ರಿಗೆ ಸಮಾಧಾನವಿರಲಿಲ್ಲ. “ಹಳೇದರಲ್ಲಿ ಒಂದು ಸಂಗೀತ ಇತ್ತು ಕಣಮ್ಮ.”

“ಇತ್ತು ಮೇಷ್ಟ್ರೇ. ಇದು ಸ್ವಲ್ಪ ಒರಟು. ಹೊಸ ಬಟ್ಟೆ ನಾಲ್ಕು ಸಲ ಒಗೆಯೋವರೆಗೂ ಒರಟಾಗೇ ಇರುತ್ತೆ.”

ಆ ಭಾನುವಾರದ ಸಭೆಯ ವರದಿಯಲ್ಲಿ ಕಂಬದ ವಿಷಯ ಮೂರು ವರ್ಷದಲ್ಲಿ ಮೊದಲ ಸಲ ಪತ್ರಿಕೆಯಲ್ಲಿ ಬಂದಿತು. ಆಫೀಸಿನವರು ಅಳತೆ ಪಟ್ಟಿ ಹಿಡಿದು ಬೀದಿಗೆ ಬಂದರು. ಅಂಥವೇ ಇನ್ನೆರಡು ಕಟ್ಟಡಗಳ ಬುಡಕ್ಕೆ ಕಬ್ಬಿಣದ ಆಸರೆ ಬಿತ್ತು. ಅಂಗಡಿಯವನ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ನಡೆಯುತ್ತಾದರೂ ಇದೆ ಎನ್ನುತ್ತಾಳೆ ನರ್ಸಮ್ಮ. ಶನಿವಾರಗಳಲ್ಲಿ ಈಗ ಬಸ್ಸಿನ ವಿಷಯ, ಬಿಸಿಲಿನ ವಿಷಯ ಮುಗಿದ ಮೇಲೆ ಆ ಹುಡುಗನ ವಿಷಯವೂ ಬರುತ್ತದೆ. ಅವನು ಗೆರೆಯಕ್ಕನನ್ನು ‘ಕೆಂಡದಜ್ಜಿ’ ಎಂದು ಕರೆಯುತ್ತಿದ್ದನಂತೆ. ಅಜ್ಜಿ ಅಂದದ್ದಕ್ಕೆ ಗೆರೆಯಕ್ಕ ಇವತ್ತಿಗೂ ಮುನಿಸು ತೋರಿಸುತ್ತಾಳೆ, ನರ್ಸಮ್ಮ ನಗುತ್ತಾಳೆ.

ಕಳೆದ ವಾರ ಕವಿಯ ಫೋನ್ ಬಂದಿತ್ತು. ಎಲ್ಲೋ ದೂರದಲ್ಲಿ ಹೊಳೆ ಉಕ್ಕಿ ಒಂದು ಊರೇ ಕೊಚ್ಚಿಹೋಗಿದೆಯಂತೆ. ಅದರ ಮೇಲೆ ಒಂದು ಪದ್ಯ ಬಂದಿದೆ, ಓದಲೇ ಎಂದು ಕೇಳಿದರು.

“ಅಲ್ಲಿಯವರನ್ನ ಯಾರನ್ನಾದ್ರೂ ಕೇಳಿದ್ರಾ ಸಾರ್?”

“ಆ ಊರಿನ ಶಾಲೆಗೆ ಪತ್ರ ಬರೆದಿದ್ದೀನಿ. ಹದಿನೈದು ದಿನ ಆಯ್ತು. ಉತ್ತರ ಬಂದಿಲ್ಲ.”

“ಹಾಗಾದ್ರೆ ಬರೋವರೆಗೆ ಕಾಯಿರಿ. ಅವರಿಗೆ ಈಗ ಕೈ ತುಂಬಾ ಕೆಲಸ ಇರುತ್ತೆ” ಎಂದಳು ಗೆರೆಯಕ್ಕ. ಪೆಟ್ಟಿಗೆ ಕಾದಿತ್ತು, ವಕೀಲರ ಕೋಟು ಮೇಜಿನ ಮೇಲಿತ್ತು. ಫೋನ್ ಇಟ್ಟು ಕೆಲಸಕ್ಕೆ ನಿಂತಳು.